ಸ್ಟ್ಯಾಂಡ್ ಎತ್ತದ ಸವಾರ

ಥಾಯ್ಲೆಂಡಿನ 1095ನೇ ನಂಬರಿನ ರಸ್ತೆಯನ್ನು ನಮ್ಮ ರೈಡರ್ ರಾಯರಷ್ಟು ಬಲ್ಲವರು ಇಡೀ ಬಡಾವಣೆಯಲ್ಲಿಲ್ಲ. ಚಿಯಾಂಗ್ ಮಾಯ್ ಕಡೆಯಿಂದ ಹೊರಟು ಪಾಯ್ ಮುಟ್ಟುವಷ್ಟರಲ್ಲಿ 762 ತಿರುವು. ಮುಂದೆ ಮೇ ಹೊಂಗ್ ಸೋನ್, ಮೇ ಸರಿಯಾಂಗ್ ಹಾದು ಒಂದು ಸುತ್ತು ಹಾಕಿ ಬಂದರೆ ಒಟ್ಟು 1,864 ಎಂಬುದು ಅಲ್ಲಿಯವರ ಲೆಕ್ಕ. ದೂರ ಸುಮಾರು 600 ಕಿಲೋಮೀಟರ್. ಎಲ್ಲಿ ಎಷ್ಟನೇ ಗೇರು, ಎಲ್ಲಿ ಪೆಟ್ರೋಲು, ಎಲ್ಲಿ ಕಾಫಿ, ಏನು ಬೇಕಾದರೂ ಕೇಳಿ, ಥಟ್ಟನೆ ಹೇಳುತ್ತಾರೆ. ಹೋಗಿ ಬಂದಿಲ್ಲ, ಅಷ್ಟೆ.

ಇಂಥ ರಾಯರು ನಿಮ್ಮ ಬಡಾವಣೆಯಲ್ಲೂ ಒಬ್ಬರಿರಬೇಕು. ನಲವತ್ತೈದರ ಆಸುಪಾಸು, ಸಾಫ್ಟ್‌ವೇರ್ ಕೆಲಸ, ಮನೆ ಸಾಲ ತೀರಿದ ಮರುವಾರವೇ ಕೊಂಡ ಹಿಮಾಲಯನ್ ಬೈಕು. ಆ ಬೈಕು ಇಲ್ಲಿಯವರೆಗೆ ಕಂಡಿರುವ ಅತಿ ದೂರದ ಊರು ಬಿಡದಿ, ಅದೂ ಭಾನುವಾರದ ತಟ್ಟೆ ಇಡ್ಲಿಗೆ. 2023ರ ಆಗಸ್ಟ್‌ನಿಂದ ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ ಬೈಕು ಬಿಡುವುದಿಲ್ಲವಲ್ಲ, ಸರ್ವಿಸ್ ರಸ್ತೆಯೇ ಗತಿ. ರಾಯರು ಅದನ್ನು ‘ಆಫ್‌ರೋಡ್ ಅನುಭವ’ ಎಂಬ ಕಾಲಮ್ಮಿನಲ್ಲಿ ಬರೆದುಕೊಂಡಿದ್ದಾರೆ.

ರಾಯರ ಪ್ರವಾಸವೆಲ್ಲ ನಡೆಯುವುದು ಎಕ್ಸೆಲ್ ಹಾಳೆಯ ಇಂಥ ಕಾಲಮ್ಮುಗಳಲ್ಲೇ. ಮೊದಲು ಸ್ವಂತ ಬೈಕಿನಲ್ಲೇ ಹೋಗುವ ಯೋಚನೆಯಿತ್ತು. ಮಣಿಪುರದ ಮೋರೆಯಲ್ಲಿ ಗಡಿ ದಾಟಿ ಮ್ಯಾನ್ಮಾರ್ ಹಾದು ಥಾಯ್ಲೆಂಡ್. ಅದಕ್ಕೆ ಕಾರ್ನೆ ಎಂಬ ಕಾಗದ ಮಾಡಿಸಬೇಕು. ಗಾಡಿಯನ್ನು ಪರದೇಶದಲ್ಲಿ ಮಾರದೆ ಮರಳಿ ತರುತ್ತೇನೆಂದು ಗ್ಯಾರಂಟಿ ಕೊಡಬೇಕು. ‘ವಾಪಸ್ ತರೋ ಮಾತು ಆಮೇಲಾಯ್ತು, ಮೊದಲು ಗೇಟಿಂದ ಆಚೆ ತೆಗೀರಿ, ನನ್ನ ಸ್ಕೂಟಿ ಸಿಕ್ಕಿಹಾಕ್ಕೊಂಡಿದೆ’ ಎಂದರು ಮನೆಯವರು. ಅಷ್ಟರಲ್ಲಿ 2021 ಬಂತು, ಮ್ಯಾನ್ಮಾರಿನಲ್ಲಿ ಸೇನೆ ಅಧಿಕಾರ ಹಿಡಿಯಿತು, ಆ ದಾರಿಯ ಆಸೆ ಹೋಯಿತು. ಸರಿ, ವಿಮಾನದಲ್ಲಿ ಹೋಗಿ ಬಾಡಿಗೆ ಬೈಕು ಹಿಡಿಯುವುದೆಂದಾಯಿತು. ಆರ್‌ಟಿಓದಲ್ಲಿ ಸಾವಿರ ರೂಪಾಯಿ ಕಟ್ಟಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿದರು. ಅದರ ಆಯಸ್ಸು ಒಂದೇ ವರ್ಷ. ಬೀರುವಿನಲ್ಲೇ ಹುಟ್ಟಿ ಬೀರುವಿನಲ್ಲೇ ತೀರಿಕೊಂಡ ಪರ್ಮಿಟ್ಟುಗಳನ್ನು ರಾಯರು ಇನ್ನೂ ಜೋಪಾನವಾಗಿಟ್ಟಿದ್ದಾರೆ.

ಅಡ್ಡಿ ಇರುವುದು ತಿಂಗಳುಗಳಲ್ಲಿ. ಜೂನ್‌ನಿಂದ ಅಕ್ಟೋಬರ್‌ವರೆಗೆ ಅಲ್ಲಿ ಮಳೆ. ಫೆಬ್ರವರಿ ಬಂತೋ, ಹೊಲ ಕಾಡು ಸುಡುವ ಹೊಗೆ. ಏಪ್ರಿಲ್ ನಡುವೆ ಸೊಂಗ್‌ಕ್ರಾನ್ ಹಬ್ಬ, ಬೈಕಿನಲ್ಲಿ ಹೋಗುವವರ ಮೇಲೂ ಬಕೆಟ್ಟುಗಟ್ಟಲೆ ನೀರು ಸುರಿಯುತ್ತಾರೆ. ಮೇ ತಿಂಗಳು ಇಲ್ಲಿ ಮದುವೆಗಳ ಕಾಲ, ನೆಂಟರಿಷ್ಟರನ್ನು ಬಿಟ್ಟು ಹೋಗುವಂತಿಲ್ಲ. ಉಳಿದ ನವೆಂಬರ್‌ನಿಂದ ಜನವರಿ ಬಹಳ ಒಳ್ಳೆಯ ಕಾಲ. ಅದಕ್ಕೇ ಎಲ್ಲರೂ ಆಗಲೇ ಹೋಗುತ್ತಾರೆ, ಅದಕ್ಕೇ ರಾಯರು ಹೋಗುವುದಿಲ್ಲ. ಟೆಡ್ ಸೈಮನ್ ಎಂಬ ಪತ್ರಕರ್ತ 1973ರಲ್ಲಿ ಟ್ರಯಂಫ್ ಬೈಕು ಹತ್ತಿ ನಾಲ್ಕು ವರ್ಷ ಪ್ರಪಂಚ ಸುತ್ತಿದ. ಪಾಪ, ಅವನ ಹತ್ತಿರ ಎಕ್ಸೆಲ್ ಇರಲಿಲ್ಲ, ಹೊರಟೇಬಿಟ್ಟ.

ಒಂದು ಸಂಜೆ ರಾಯರ ಮನೆಗೆ ಹೋದಾಗ ಪ್ಯಾಕಿಂಗ್ ರಿಹರ್ಸಲ್ ನಡೆದಿತ್ತು. ಸೆಕೆಗೆ ಫ್ಯಾನು ಜೋರಾಗಿ ತಿರುಗುತ್ತಿತ್ತು. ಮೊಣಕೈ, ಭುಜ, ಬೆನ್ನಿಗೆಲ್ಲ ಗಟ್ಟಿ ಪ್ಯಾಡ್ ಇರುವ ಜಾಕೆಟ್ಟು, ನೀಗಾರ್ಡು, ಗಂಬೂಟು ತೊಟ್ಟು ರಾಯರು ತೂಕದ ಯಂತ್ರದ ಮೇಲೆ ನಿಂತಿದ್ದರು. ಎಡಗೈಯಲ್ಲಿ ಚೈನ್ ಲ್ಯೂಬ್ ಡಬ್ಬಿ, ಬಲಗೈಯಲ್ಲಿ ಪಂಕ್ಚರ್ ಕಿಟ್. ಯಂತ್ರದ ಮುಳ್ಳು ಹೊಟ್ಟೆಗೆ ಮರೆಯಾಗಿದ್ದರಿಂದ ಮಗಳು ನೆಲಕ್ಕೆ ಬಗ್ಗಿ ಓದಿ ಹೇಳುತ್ತಿದ್ದಳು. ‘ಅಪ್ಪಾ, ಎರಡು ಕಿಲೋ ಜಾಸ್ತಿ.’ ರಾಯರು ಬಹಳ ಹೊತ್ತು ಯೋಚಿಸಿ ಹುಣಸೇಹಣ್ಣಿನ ಗೊಜ್ಜಿನ ಬಾಟಲಿ ತೆಗೆಯುವುದೆಂದು ತೀರ್ಮಾನಿಸಿದರು. ಅಲ್ಲಿನ ಅಡುಗೆಯಲ್ಲಿ ಮೀನಿನ ಸಾಸ್ ತಪ್ಪಿಸುವುದು ಕಷ್ಟವೆಂದು ಕಟ್ಟಿಸಿಕೊಂಡಿದ್ದ ಗೊಜ್ಜು. ಮನೆಯವರು ಅದನ್ನೆತ್ತಿಕೊಂಡು ಹೋಗಿ ರಾತ್ರಿಯ ಊಟಕ್ಕೆ ಅನ್ನ ಕಲಸಿದರು.

ಇಷ್ಟರಲ್ಲಿ ಅನಾಹುತವೊಂದು ನಡೆಯಿತು. ಪಕ್ಕದ ಮನೆಯ ಹುಡುಗ, ಇನ್ನೂ ಎರಡನೇ ಸಂಬಳ ಕಾಣದವನು, ಗೆಳೆಯರ ಜೊತೆ ಥಾಯ್ಲೆಂಡಿಗೆ ಹೋಗಿ, ಚಿಯಾಂಗ್ ಮಾಯ್‌ನಲ್ಲಿ ಸ್ಕೂಟರ್ ಬಾಡಿಗೆ ಹಿಡಿದು, ಅದೇ ಸುತ್ತು ಮುಗಿಸಿ ಬಂದ. ರಾಯರು ಕರೆಸಿ ಕೂರಿಸಿಕೊಂಡರು.

‘ಟೈರಲ್ಲಿ ಗಾಳಿ ಎಷ್ಟಿಟ್ಟಿದ್ದೆ?’

‘ನೋಡ್ಲಿಲ್ಲ ಅಂಕಲ್.’

‘ಶೂ ಯಾವ್ದು?’

‘ಚಪ್ಪಲಿ ಅಂಕಲ್.’

ರಾಯರು ಕಣ್ಣು ಮುಚ್ಚಿಕೊಂಡರು. ಆಮೇಲೆ ಪಾಯ್ ದಾಟಿದ ಮೇಲಿನ ಏರು, ಅಲ್ಲಿಯ ಮಂಜು, ಬೆಟ್ಟದ ತುದಿಯಿಂದ ಕಾಣುವ ನೋಟ ಎಲ್ಲವನ್ನೂ ಅರ್ಧ ಗಂಟೆ ವರ್ಣಿಸಿದರು. ಹುಡುಗ ಬಾಯಿ ಬಿಟ್ಟುಕೊಂಡು ಕೇಳಿ, ‘ಸೂಪರ್ ಅಂಕಲ್, ನಾನು ನೋಡ್ಲೇ ಇಲ್ವಲ್ಲ, ನೀವು ಯಾವಾಗ ಹೋಗಿದ್ರಿ?’ ಎಂದ. ಆ ಮಾತಿಗೆ ಉತ್ತರ ಬರಲಿಲ್ಲ, ಕಾಫಿ ಬಂತು.

ಚಪ್ಪಲಿ ಹಾಕಿಕೊಂಡು ಹೋಗಿಬರುವ ಊರು ಊರೇ ಎಂದು ರಾಯರು ಥಾಯ್ಲೆಂಡನ್ನು ಕೈಬಿಟ್ಟರು. ಈಗ ವಿಯೆಟ್ನಾಮಿನ ಹಾ ಜಾಂಗ್, ಮಾ ಪಿ ಲೆಂಗ್ ಘಾಟಿ. ಇದರಲ್ಲಿ ತೊಡಕುಗಳು ಚೆನ್ನಾಗಿವೆ. ನಮ್ಮ ಪರ್ಮಿಟ್ 1949ರ ಜಿನೀವಾ ಒಪ್ಪಂದದ ಪ್ರಕಾರದ್ದು, ಅವರು ಒಪ್ಪುವುದು 1968ರ ವಿಯೆನ್ನಾ ಒಪ್ಪಂದದ್ದನ್ನು. ಇದು ಗೊತ್ತಾದ ದಿನ ರಾಯರ ಮುಖದಲ್ಲಿ ಮದುಮಗನ ಕಳೆಯಿತ್ತು. ಹೊಸ ಹಾಳೆ, ಹೊಸ ಕಾಲಮ್ಮು. ಜೊತೆಗೆ ಅಲ್ಲಿ ಗಾಡಿ ಓಡಿಸುವುದು ರಸ್ತೆಯ ಬಲಗಡೆಗೆ. ಅದಕ್ಕೆ ಅಭ್ಯಾಸ ಬೇಡವೆ? ಬೆಳಿಗ್ಗೆ ಪಾರ್ಕಿನಲ್ಲಿ ವಾಕಿಂಗ್ ಹೋಗುವಾಗ ರಾಯರು ಎಡ ಬಿಟ್ಟು ಬಲಕ್ಕೇ ನಡೆಯುತ್ತಾರೆ. ಮೊನ್ನೆ ತಿರುವಿನಲ್ಲಿ ರಿಟೈರ್ಡ್ ಹೆಡ್‌ಮಾಸ್ತರರಿಗೆ ಎದುರಾ ಎದುರು ಗುದ್ದಿದರು.

‘ಕಣ್ಣು ಕಾಣಲ್ವೇನ್ರೀ ರಾಯರೇ?’

‘ತಪ್ಪಾಯ್ತು ಸಾರ್,’ ಎಂದರು ರಾಯರು ಮೊಣಕಾಲು ಉಜ್ಜಿಕೊಳ್ಳುತ್ತ, ‘ವಿಯೆಟ್ನಾಮಲ್ಲಿದ್ದೆ.’