ಮುಳುಗಿದ ಸನ್, ಮುಳುಗದ ಮಗ್ಗು

1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಕಂಪ್ಯೂಟರ್ ಕಂಪನಿ ಸನ್ ಮೈಕ್ರೋಸಿಸ್ಟಮ್ಸ್ 2010ರಲ್ಲಿ ಒರಾಕಲ್ ಪಾಲಾಯಿತು. ಷೇರುಪೇಟೆಯಿಂದ ಹೆಸರು ಅಳಿಸಿಹೋಯಿತು. ಟೀ ಶರ್ಟು, ಕಾಫಿ ಮಗ್ಗುಗಳಿಂದ ಅಳಿಸಲು ಯಾವ ಸೋಪಿಗೂ ಆಗಲಿಲ್ಲ. ಸ್ಟ್ಯಾನ್‌ಫರ್ಡಿನ ಪ್ರೊಫೆಸರ್ ವಾನ್ ಪ್ರ್ಯಾಟ್ ರಚಿಸಿದ ಲಾಂಛನದಲ್ಲಿ ಆ ಹೆಸರನ್ನು ನಾಲ್ಕೂ ದಿಕ್ಕಿನಿಂದ ಓದಬಹುದು. ಹೀಗಾಗಿ ಮಗ್ಗು ಕವುಚಿ ಬಿದ್ದರೂ ಕಂಪನಿಯ ಮಾನಕ್ಕೆ ಧಕ್ಕೆಯಿಲ್ಲ. ಸನ್ ರೂಪಿಸಿದ ಪ್ರೋಗ್ರಾಮಿಂಗ್ ಭಾಷೆ ಜಾವಾದ ಕೆಂಪು ಮೂಗಿನ ಗೊಂಬೆ ಡ್ಯೂಕ್, ಸಂಬಳ ಕೊಡುವವರು ಬದಲಾದದ್ದೇ ತಿಳಿಯದವನಂತೆ ಹಳೆಯ ನೌಕರರ ಮೇಜಿನ ಮೇಲೆ ನಿಂತಿರುತ್ತಾನೆ. ಬೆಂಗಳೂರಿನಲ್ಲೂ ಸನ್ ಕಚೇರಿಯಿತ್ತು. ಇಲ್ಲಿ ಕಂಪನಿ ಶರ್ಟಿಗೆ ಸ್ಕೂಟರ್ ಒರೆಸುವ ಎರಡನೇ ಉದ್ಯೋಗ ಕಾದೇ ಇರುತ್ತದೆ. ಎಲ್ಲಕ್ಕಿಂತ ದೊಡ್ಡ ನೆನಪಿನ ಕಾಣಿಕೆ ದಕ್ಕಿದ್ದು ಮಾತ್ರ ನೌಕರರಿಗಲ್ಲ, ಫೇಸ್‌ಬುಕ್‌ಗೆ. ಮೆನ್ಲೋ ಪಾರ್ಕಿನ ಸನ್ ಆವರಣಕ್ಕೆ 2011ರಲ್ಲಿ ಬಂದ ಅದು ಹೆಬ್ಬಾಗಿಲ ಫಲಕವನ್ನು ಕಿತ್ತೆಸೆಯದೆ, ತಿರುಗಿಸಿ ತನ್ನ ಹೆಬ್ಬೆರಳು ಹಚ್ಚಿತು. ಫಲಕದ ಬೆನ್ನಿನಲ್ಲಿ ಸನ್ ಹೆಸರನ್ನು ಹಾಗೇ ಉಳಿಸಿತು.