ಭಾವ ಹಾಸಿಸಿದ ಹುಲ್ಲು

ವಿಜಯವಾಡದ ಭವಾನಿಪುರಂನಲ್ಲಿರುವ ನಮ್ಮ ಭಾವ ಹಿತ್ತಲಿಗೆ ಹುಲ್ಲು ಹಾಸಿಸಿದ್ದಾರೆ. ಬೆಳೆಸಿದ್ದಲ್ಲ, ಹಾಸಿಸಿದ್ದು. ಖರ್ಚೆಲ್ಲ ಆ ಕ್ರಿಯಾಪದದಲ್ಲೇ ಇದೆ.

ಮೊದಲು ಅಲ್ಲಿ ಗರಿಕೆ ಇತ್ತು. ಯಾರೂ ನೆಟ್ಟಿದ್ದಲ್ಲ. ಮುಧೋಳದಿಂದ ತಂದ ನಾಯಿ ದಿನಾ ಅದರ ಮೇಲೆ ಕಾಲೆತ್ತಿ ಅಲ್ಲಲ್ಲಿ ಹಳದಿ ಮಚ್ಚೆ ಮಾಡಿತ್ತು. ಉಚ್ಚೆಯ ಸಾರಜನಕ ಅತಿಯಾದ ಕಡೆ ಹುಲ್ಲು ಸುಟ್ಟು, ಅದರ ಸುತ್ತ ಇನ್ನೂ ದಟ್ಟವಾಗಿ ಹಸಿರೇಳುತ್ತದೆ. ಅದು ನಾಯಿಗೂ ಗರಿಕೆಗೂ ಇದ್ದ ಹಳೇ ಲೇವಾದೇವಿ. ಮಹಡಿಯ ಬಾಡಿಗೆದಾರರು ನೋಡಿ ಏನಂದುಕೊಂಡಾರು ಎಂಬ ಚಿಂತೆ ಮಾತ್ರ ಭಾವನದು.

ಅಂಗಡಿಯವನು ಸ್ಯಾಂಪಲ್ ತಂದ. ಎಳೆಯ ಉದ್ದ 25 ಮಿ.ಮೀ., 35 ಮಿ.ಮೀ., 50 ಮಿ.ಮೀ. ಸೀರೆ ಅಂಗಡಿಯಲ್ಲಿ ಸೆರಗು ಹಿಡಿದಂತೆ ಭಾವ ಒಂದೊಂದನ್ನೂ ಬೆರಳಲ್ಲಿ ತೀಡಿ ನೋಡಿದರು. ದುಬಾರಿ ತುಂಡಿನ ಬುಡದಲ್ಲಿ ಗುಂಗುರು ಗುಂಗುರಾದ ಕಂದು ಎಳೆಗಳಿದ್ದವು. ‘ಒಣಗಿದ ಹುಲ್ಲು ಸಾರ್, ನ್ಯಾಚುರಲ್ ಲುಕ್ಕಿಗೆ.’ ಬೇಸಿಗೆಯಲ್ಲಿ ಪುಕ್ಕಟೆ ಒಣಗುತ್ತಿದ್ದ ಹುಲ್ಲನ್ನು ಕಿತ್ತೆಸೆದು, ಒಣಗಿದಂತೆ ಕಾಣುವ ಪ್ಲಾಸ್ಟಿಕ್ಕಿಗೆ ಚದರಡಿ ಲೆಕ್ಕದಲ್ಲಿ ದುಡ್ಡು ಎಣಿಸಿದರು.

ಈ ಹುಲ್ಲಿನ ವಂಶಾವಳಿಯೂ ಹಾಗೇ ಇದೆ. ಅಮೆರಿಕದ ಹ್ಯೂಸ್ಟನ್ನಿನಲ್ಲಿ 1965ರಲ್ಲಿ ಆಸ್ಟ್ರೋಡೋಮ್ ಎಂಬ ಸೂರಿರುವ ಕ್ರೀಡಾಂಗಣ ಎದ್ದಿತು. ಪಾರದರ್ಶಕ ಸೂರಿನ ಝಳಪಿಗೆ ಆಟಗಾರರಿಗೆ ಚೆಂಡು ಕಾಣಲಿಲ್ಲವೆಂದು ಸೂರಿಗೆ ಬಣ್ಣ ಬಳಿದರು. ಬಿಸಿಲಿಲ್ಲದೆ ಹುಲ್ಲು ಸತ್ತಿತು. ಸತ್ತ ಹುಲ್ಲಿಗೂ ಹಸಿರು ಬಣ್ಣ ಬಳಿದು ಆಡಿಸಿದರು. 1966ರಲ್ಲಿ ನಾಚಿಕೆ ಬಿಟ್ಟು ಪ್ಲಾಸ್ಟಿಕ್ಕನ್ನೇ ಹಾಸಿದರು. ಮುಂದೆ 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಹಾಕಿಗೂ ಅದೇ ಬಂತು, ಭಾರತ 7ನೇ ಸ್ಥಾನಕ್ಕೆ ಹೋಯಿತು. ಒಂದು ದೇಶದ ಹಾಕಿಯನ್ನು ಜಾರಿಸಿದ ಹುಲ್ಲಿಗೆ ನಮ್ಮ ಭಾವನ ನಾಯಿ ಯಾವ ಲೆಕ್ಕ.

ಭಾವ ಕೊಂಡದ್ದರ ಹೆಸರು ನಾಯಿಸ್ನೇಹಿ ಹುಲ್ಲು. ಸ್ನೇಹ ಶುರುವಾದದ್ದು ಮೇ ತಿಂಗಳಲ್ಲಿ. ಬೆಜವಾಡದವರು (ವಿಜಯವಾಡದ ಹಳೇ ಹೆಸರದು) ತಮ್ಮೂರನ್ನು ತಾವೇ ‘ಬ್ಲೇಜ್‌ವಾಡ’ ಅಂತ ಕರೆದುಕೊಳ್ಳುವ ತಿಂಗಳದು. ಮಧ್ಯಾಹ್ನ ಹುಲ್ಲಿನ ಮೇಲೆ ಅಂಗೈ ಊರಿ ಐದು ಎಣಿಸಲು ಹೋದೆ, ಮೂರಕ್ಕೇ ಎತ್ತಿದೆ. ನಾಯಿ ಬೆವರುವುದು ಅಂಗಾಲಿನಲ್ಲಿ, ಮಿಕ್ಕಿದ್ದೆಲ್ಲ ನಾಲಿಗೆಯ ಕೆಲಸ. ಮುಧೋಳದ ಘಟಪ್ರಭೆಯ ದಂಡೆಯಲ್ಲಿ ಮೊಲದ ಹಿಂದೆ ಓಡುವ ತಳಿ ಇಲ್ಲಿ ವೀರಭದ್ರನ ಜಾತ್ರೆಯಲ್ಲಿ ಕೆಂಡ ಹಾಯುವವರಂತೆ ನಾಲ್ಕೇ ನೆಗೆತಕ್ಕೆ ಹಿತ್ತಲು ದಾಟಿ ಬಚ್ಚಲಿಗೆ ನುಗ್ಗಿತು.

‘ಅಲ್ರೀ ಭಾವಾ, ಇದಕ್ಕ ನೀರು ಬ್ಯಾಡ ಅಂದಿದ್ರಿ?’

‘ಬೆಳ್ಯಾಕ ಬ್ಯಾಡೋ. ತಣ್ಣಗಾಗ್ಲಿಕ್ಕೆ ಬೇಕು.’

ಹೀಗಾಗಿ ಮಧ್ಯಾಹ್ನ ಒಂದು ಸಲ ಪೈಪು. ಸಂಜೆ ಮತ್ತೊಂದು ಸಲ, ಅದು ವಾಸನೆಗೆ. ಹಾಸುವ ಮೊದಲು ಮಣ್ಣು ಮುಚ್ಚಿ ಕಾಂಕ್ರೀಟ್ ಹಾಕಿಸಿದ್ದರು. ಮಣ್ಣಾಗಿದ್ದರೆ ಅದರೊಳಗಿನ ಸೂಕ್ಷ್ಮಜೀವಿಗಳು ಉಚ್ಚೆಯನ್ನು ಹುಲ್ಲಿಗೆ ಗೊಬ್ಬರ ಮಾಡುತ್ತಿದ್ದವು. ಕಾಂಕ್ರೀಟಿನ ಮೇಲೆ ಅದು ಅಮೋನಿಯಾ ಆಗಿ ಸೀದಾ ಅಡುಗೆಮನೆ ಕಿಟಕಿಗೆ ಬರುತ್ತದೆ. ಅದನ್ನು ಹೀರಲು ಅಂಗಡಿಯವನು ಜಿಯೋಲೈಟ್ ಎಂಬ ಹರಳು ಮಾರಿದ. ಅದು ಮಣ್ಣಿನಲ್ಲೇ ಸಿಗುವ ಖನಿಜ! ಕಾಂಕ್ರೀಟಿನಡಿ ಮುಚ್ಚಿದ ಮಣ್ಣನ್ನು ಚೀಲದಲ್ಲಿ ಕಟ್ಟಿ ಮತ್ತೆ ಮೇಲೆ ತಂದಂತಾಯಿತು.

ಘಟಪ್ರಭೆ ಕೃಷ್ಣೆಯನ್ನು ಸೇರಿ, ಆಲಮಟ್ಟಿ, ಶ್ರೀಶೈಲ, ನಾಗಾರ್ಜುನಸಾಗರ ದಾಟಿ ಭವಾನಿಪುರಂ ಪಕ್ಕದಲ್ಲೇ ಹರಿಯುತ್ತದೆ. ಆಚೆ ಭವಾನಿ ದ್ವೀಪ ಹಸಿರಾಗಿ ಕೂತಿದೆ. ತವರಿನ ಹೊಳೆ ಇಷ್ಟು ದೂರ ಹಿಂದೆ ಹಿಂದೆ ಬಂದರೂ ನಾಯಿಗೆ ಸಿಕ್ಕಿದ್ದು ಪ್ಲಾಸ್ಟಿಕ್ ತೊಳೆದ ನೀರು.

ಒಂದು ದಿನ ಸಂಕಷ್ಟಿ. ಗಣಪನಿಗೆ ಇಪ್ಪತ್ತೊಂದು ಗರಿಕೆ ಬೇಕು. ಅಕ್ಕ ಹಿತ್ತಲೆಲ್ಲ ಕಣ್ಣಾಡಿಸಿ, ಬಚ್ಚಲ ಮೋರಿಯ ಪಕ್ಕ ಕಾಂಕ್ರೀಟ್ ಬಿರುಕು ಬಿಟ್ಟಲ್ಲಿ ಒಂದು ಹಿಡಿಯಷ್ಟು ಚಿಗುರಿದ್ದನ್ನು ಕಂಡು ತಟ್ಟೆ ಹಿಡಿದು ಹೊರಟಳು. ನಾಯಿ ಮೊದಲೇ ಅಲ್ಲಿ ತಲುಪಿತ್ತು. ಹೊಟ್ಟೆ ಕೆಟ್ಟಿತ್ತೇನೋ, ಕಣ್ಣು ಮುಚ್ಚಿ ಗರಿಕೆ ಅಗಿಯುತ್ತಿತ್ತು. ಅಕ್ಕ ‘ಹಚ್ಯಾ’ ಅಂದಳು. ಅದು ಉಳಿದ ನಾಲ್ಕೆಸಳನ್ನು ಮೂಸಿ, ಸಾವಕಾಶ ಕಾಲೆತ್ತಿತು.