ಆಮೆ ಹೊಕ್ಕ ಮನೆ: ಒಂದು ಗಾದೆಯ ಪುನರ್ವ್ಯಾಖ್ಯಾನ

‘ಆಮೆ ಹೊಕ್ಕ ಮನೆ, ಅಮೀನ ಹೊಕ್ಕ ಮನೆ ಹಾಳು’ ಎಂಬ ಗಾದೆಯಲ್ಲಿ ಅಮೀನನಿಗೆ ಭಾಷ್ಯ ಬೇಕಿಲ್ಲ. ಕೋರ್ಟಿನ ಹುಕುಂ ಹಿಡಿದು ಬರುತ್ತಾನೆ, ಮಂಚ, ಮೇಜು, ಹಂಡೆ, ಕೊಪ್ಪರಿಗೆಗಳ ಪಟ್ಟಿ ಬರೆದು ಜಪ್ತಿ ಮಾಡುತ್ತಾನೆ, ಹೊರಟುಹೋಗುತ್ತಾನೆ. ಆದರೆ ಆಮೆ ಮಾಡುವುದೇನು? ಈ ಬಗ್ಗೆ ಪೂರ್ವಸೂರಿಗಳು ದಿವ್ಯ ಮೌನ ತಾಳಿದ್ದಾರೆ. ಬರೀ ಪ್ರಾಸಕ್ಕಾಗಿ ಆಮೆಯನ್ನು ಎಳೆದು ತರಲಾಗಿದೆ ಎನ್ನುವುದು ಪೂರ್ವಪಕ್ಷ. ಅದು ನಿಲ್ಲುವುದಿಲ್ಲ. ಪ್ರಾಸವಷ್ಟೇ ಬೇಕಿದ್ದರೆ ಆನೆ ಇತ್ತು, ಆಡು ಇತ್ತು, ಅಳಿಯನಂತೂ ಇದ್ದೇ ಇದ್ದ. ಅವರನ್ನೆಲ್ಲ ಬಿಟ್ಟು ಆಮೆಯನ್ನೇ ಆರಿಸಿದ ಗಾದೆಕಾರನ ಮನೆಯಲ್ಲಿ ಗಾಜಿನ ತೊಟ್ಟಿ ಇದ್ದಿರಲೇಬೇಕು. ಪ್ರಕೃತ ಪ್ರಬಂಧದ ಸಿದ್ಧಾಂತ ಇಷ್ಟು: ಆಮೆಯೂ ಜಪ್ತಿಯನ್ನೇ ಮಾಡುತ್ತದೆ, ಹುಕುಂ ಇಲ್ಲದೆ ಮಾಡುತ್ತದೆ, ಮಾಡಿದ ಮೇಲೆ ಹೋಗುವುದಿಲ್ಲ.

ಮೊದಲು ಆಮೆ ಯಾವುದೆಂಬುದು ನಿರ್ಣಯವಾಗಲಿ. ನಮ್ಮ ಕೆರೆಯ ಆಮೆಯನ್ನೋ ನಕ್ಷತ್ರ ಆಮೆಯನ್ನೋ ಮನೆಯಲ್ಲಿಟ್ಟರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಬಾಗಿಲು ತಟ್ಟುವವರು ಅರಣ್ಯ ಇಲಾಖೆಯವರು. ಅದು ಬೇರೆಯೇ ಅಧ್ಯಾಯ. ಅಂಗಡಿಯಲ್ಲಿ ಸಿಗುವುದು ಅಮೆರಿಕದ ಮಿಸಿಸಿಪ್ಪಿ ಕಣಿವೆಯ ಮೂಲದ ರೆಡ್ ಇಯರ್ಡ್ ಸ್ಲೈಡರ್. ಕಣ್ಣಿನ ಹಿಂದೆ ಕುಂಕುಮದ ಗೀಟು, ಹಸಿರು ಚಿಪ್ಪು, ಚಿಕ್ಕ ನಿಪ್ಪಟ್ಟಿನಷ್ಟು ಗಾತ್ರ. ‘ಇಷ್ಟೇ ಸಾರ್ ಇರೋದು, ಬೆಳೆಯಲ್ಲ’ ಎಂಬುದು ಅಂಗಡಿಶ್ರುತಿ. ಅಪೌರುಷೇಯ ಎಂದೇ ತಿಳಿಯತಕ್ಕದ್ದು, ಏಕೆಂದರೆ ಎರಡು ವರ್ಷದ ನಂತರ ಹೋಗಿ ಕೇಳಿದರೆ ಹಾಗೆಂದ ಪುರುಷ ಯಾರೆಂದು ಗೊತ್ತಾಗುವುದಿಲ್ಲ. ಪ್ರತ್ಯಕ್ಷ ಪ್ರಮಾಣವಾದರೋ, ಹೆಣ್ಣು ಸ್ಲೈಡರ್ ಒಂದಡಿಯ ಹತ್ತಿರಕ್ಕೂ ಬೆಳೆಯುತ್ತದೆ ಎನ್ನುತ್ತದೆ. ವಾಮನನೂ ಮೂರೇ ಹೆಜ್ಜೆ ಕೇಳಿದ್ದ.

ಜಪ್ತಿಯ ಮೊದಲ ಕಂತು ಟಿ.ವಿ. ಪಕ್ಕದ ಷೋಕೇಸು. ಪ್ಲಾಸ್ಟಿಕ್ ತೆಂಗಿನಮರದ ಬೋಗುಣಿಯಲ್ಲಿ ಆಮೆ ಅಲ್ಲಿ ಕೂರುತ್ತದೆ. ಬಲ್ಲವರ ಲೆಕ್ಕದಲ್ಲಿ ಚಿಪ್ಪಿನ ಪ್ರತಿ ಇಂಚಿಗೆ ಸುಮಾರು 40 ಲೀಟರ್ ನೀರು ಬೇಕು. ಚಿಪ್ಪು 10 ಇಂಚಾದಾಗ 400 ಲೀಟರ್, ಎಂದರೆ ಬರೀ ನೀರಿನ ತೂಕವೇ 400 ಕಿಲೋ. ಷೋಕೇಸಿನ ಬೊಂಬೆಗಳು, ಮಗನ ಕಬಡ್ಡಿ ಕಪ್ಪು, ತಿರುಪತಿಯ ಫೋಟೋ ಅಟ್ಟಕ್ಕೆ ಹೋಗುತ್ತವೆ. ನಂತರ ಷೋಕೇಸೇ ಹೋಗುತ್ತದೆ. ಎರಡನೆಯ ಕಂತು ಪ್ಲಗ್ ಪಾಯಿಂಟು. ಫಿಲ್ಟರಿಗೊಂದು, ಚಳಿಗಾಲದ ಹೀಟರಿಗೊಂದು, ಕಲ್ಲಿನ ಮೇಲೆ 30 ಡಿಗ್ರಿ ಬಿಸಿಲು ಕಾಯಿಸುವ ಬಲ್ಬಿಗೊಂದು, ನೇರಳಾತೀತ ದೀಪಕ್ಕೊಂದು. ಫೋನ್ ಚಾರ್ಜು ಮಾಡುವವರು ಅಡುಗೆಮನೆಗೆ ಹೋಗುತ್ತಾರೆ, ಅಲ್ಲಿ ಮಿಕ್ಸಿಯ ಜೊತೆ ಜಗಳ.

ಈ ನೇರಳಾತೀತ ದೀಪದ ವಿಚಾರದಲ್ಲಿ ಗೃಹಸ್ಥ ಮತ್ತು ಗೃಹಿಣಿಯರ ನಡುವೆ ತೀವ್ರ ಶಾಸ್ತ್ರಾರ್ಥ ನಡೆಯುವುದುಂಟು. ಬಿಸಿಲಿನ ಯುವಿಬಿ ಕಿರಣ ಬೀಳದಿದ್ದರೆ ಆಮೆಯ ಮೈಯಲ್ಲಿ ಡಿ3 ವಿಟಮಿನ್ ಆಗದು, ಅದಿಲ್ಲದೆ ತಿಂದ ಕ್ಯಾಲ್ಸಿಯಂ ಒಗ್ಗದು, ಚಿಪ್ಪು ಮೆತ್ತಗಾಗಿ ಡೊಂಕಾಗುತ್ತದೆ. ‘ಕಿಟಕಿ ಹತ್ರ ಇಡ್ರೀ, ಬಿಟ್ಟಿ ಬಿಸಿಲು’ ಎಂಬ ವಾದ ಸಲ್ಲದು. ಕಿಟಕಿಯ ಗಾಜು ಬೆಳಕನ್ನು ಬಿಟ್ಟು ಆ ಕಿರಣವನ್ನಷ್ಟೇ ತಡೆಯುತ್ತದೆ. ಅದಕ್ಕೇ ದೀಪ. ಆ ದೀಪವೂ ಆರು ತಿಂಗಳಿಂದ ಒಂದು ವರ್ಷದೊಳಗೆ ಸತ್ವ ಕಳೆದುಕೊಳ್ಳುತ್ತದೆ, ಉರಿಯುವುದು ಮಾತ್ರ ಬಿಡುವುದಿಲ್ಲ. ‘ಚೆನ್ನಾಗಿ ಉರೀತಿರೋ ಬಲ್ಬನ್ನ ಯಾಕ್ರೀ ಬಿಸಾಕ್ತೀರಿ?’ ಎಂಬ ಪ್ರಶ್ನೆಗೆ ಆರು ದರ್ಶನಗಳಲ್ಲಿ ಯಾವುದರಲ್ಲೂ ಉತ್ತರವಿಲ್ಲ. ದೇಹವಿದೆ, ಆತ್ಮ ಹೋಗಿದೆ ಎಂದು ವೇದಾಂತ ಹೇಳಿ ನೋಡಬಹುದು. ಆ ಬಲ್ಬು ಆಮೇಲೆ ಬಚ್ಚಲುಮನೆಯಲ್ಲಿ ಉರಿಯುತ್ತದೆ.

ಇನ್ನು ನೀರು. ಸಮುದ್ರಮಥನದ ಕಥೆ ಅಸಲಿಗೆ ಹೊಸ ತೊಟ್ಟಿಯ ಕಥೆ ಎಂಬ ನಮ್ಮ ಶೋಧವನ್ನು ಇಲ್ಲಿ ಮೊದಲ ಬಾರಿಗೆ ಮಂಡಿಸುತ್ತಿದ್ದೇವೆ. ಕೆಳಗೆ ಕೂರ್ಮ, ಸುತ್ತ ನೀರು, ಕಡೆದಾಗ ಮೊದಲು ಎದ್ದದ್ದು ಹಾಲಾಹಲ. ತೊಟ್ಟಿಯಲ್ಲೂ ಮೊದಲು ಏಳುವುದು ಆಮೆಯ ಉಚ್ಚೆ, ಹಿಕ್ಕೆ, ತಿನ್ನದೆ ಬಿಟ್ಟ ಕಾಳುಗಳಿಂದ ಹುಟ್ಟುವ ಅಮೋನಿಯಾ. ಅದನ್ನು ನುಂಗಲು ನೀಲಕಂಠ ಬೇಕು. ಫಿಲ್ಟರಿನ ಸ್ಪಂಜಿನಲ್ಲಿ ಕೆಲವು ವಾರಗಳಲ್ಲಿ ನೆಲೆಯೂರುವ ಬ್ಯಾಕ್ಟೀರಿಯಾಗಳೇ ಆ ನೀಲಕಂಠರು. ಅಮೋನಿಯಾವನ್ನು ನೈಟ್ರೈಟ್ ಮಾಡಿ, ನೈಟ್ರೈಟನ್ನು ಅಷ್ಟು ಅಪಾಯವಲ್ಲದ ನೈಟ್ರೇಟ್ ಮಾಡುತ್ತಾರೆ. ಅಮೃತ ಮಾತ್ರ ಕೊನೆಗೂ ಬರುವುದಿಲ್ಲ. ವಾರಕ್ಕೊಮ್ಮೆ ಕಾಲು ಭಾಗದಷ್ಟು ನೀರನ್ನು ಬಕೆಟ್ಟಿನಲ್ಲಿ ಮೊಗೆದು ಚೆಲ್ಲಬೇಕು, ಕ್ಲೋರಿನ್ ಕಳೆದ ಹೊಸ ನೀರು ಹಾಕಬೇಕು. 2024ರ ಬೇಸಿಗೆಯಲ್ಲಿ ಬೆಂಗಳೂರು ಟ್ಯಾಂಕರಿಗಾಗಿ ಕಾಯುತ್ತಿದ್ದಾಗ ದೇವ ಯಾರು, ದಾನವ ಯಾರು ಎಂಬುದೂ ಸ್ಪಷ್ಟವಾಯಿತು.

ಮಡಿಯ ಪ್ರಕರಣ ಸೂಕ್ಷ್ಮವಾದದ್ದು. ಆ ಸ್ಪಂಜನ್ನು ನಲ್ಲಿಯ ಕೆಳಗೆ ಶುದ್ಧವಾಗಿ ತೊಳೆದರೆ ಕ್ಲೋರಿನ್ನಿಗೆ ನೀಲಕಂಠರು ಸಾಯುತ್ತಾರೆ; ತೊಟ್ಟಿಯಿಂದ ತೆಗೆದ ಕೊಳಕು ನೀರಿನಲ್ಲೇ ಹಿಂಡಬೇಕು. ಹಿಂಡುವಾಗ ಬೆರಳ ಸಂದಿಯಿಂದ ಇಳಿಯುವ ಕಂದು ಗಸಿಯನ್ನೂ ಅದರ ವಾಸನೆಯನ್ನೂ ವರ್ಣಿಸಲು ಅಷ್ಟಾದಶ ವರ್ಣನೆಗಳಲ್ಲಿ ಅವಕಾಶವಿಲ್ಲ. ಆಮೆ ಮುಟ್ಟಿದ ಕೈಯನ್ನಾದರೋ ಸೋಪು ಹಾಕಿ ತೊಳೆಯದೆ ಏನನ್ನೂ ಮುಟ್ಟಕೂಡದು, ಬೋಗುಣಿಯನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಲೇಕೂಡದು. ಕಾರಣ ಸಾಲ್ಮೊನೆಲ್ಲ. ಮಕ್ಕಳು ಮರಿ ಆಮೆಗಳನ್ನು ಬಾಯಿಗಿಟ್ಟುಕೊಂಡು ಕಾಯಿಲೆ ಬೀಳುತ್ತಿದ್ದುದರಿಂದ ಅಮೆರಿಕ 1975ರಲ್ಲಿ ನಾಲ್ಕು ಇಂಚಿಗಿಂತ ಚಿಕ್ಕ ಚಿಪ್ಪಿನ ಆಮೆಗಳ ಮಾರಾಟವನ್ನೇ ನಿಷೇಧಿಸಿತು. ‘ನಾನು ಹೇಳ್ಲಿಲ್ವಾ, ಮುಸುರೆ ಅಂತ?’ ಎಂದು ಅಜ್ಜಿ ಗೆದ್ದ ಏಕೈಕ ವೈಜ್ಞಾನಿಕ ವಿವಾದ ಇದು.

ಆಹಾರದಲ್ಲಿ ಸ್ಲೈಡರ್ ಆಶ್ರಮಧರ್ಮ ಪಾಲಿಸುತ್ತದೆ: ಎಳೆಯದರಲ್ಲಿ ಹುಳು ಮೀನು, ವಯಸ್ಸಾದಂತೆ ಸೊಪ್ಪುಸದೆ. ಸಸ್ಯಾಹಾರಿಗಳ ಮನೆಯ ಫ್ರಿಜ್ಜಿನ ಮೇಲೆ ಒಣಸೀಗಡಿ ಡಬ್ಬಿ ಹೆಸರು ಮರೆಸಿಕೊಂಡು ಕೂತಿರುವುದು ಈ ಬ್ರಹ್ಮಚರ್ಯದ ಕಾಲದಲ್ಲೇ. ಬರೀ ಸೀಗಡಿ ಹಾಕಿದರೆ ಎ ವಿಟಮಿನ್ ಸಾಲದೆ ರೆಪ್ಪೆ ಊದಿಕೊಳ್ಳುತ್ತದೆ, ಎಂಬುದಿಷ್ಟು ಸಾಕು.

ಕೈಕಾಲು ಒಳಗೆಳೆದುಕೊಳ್ಳುವ ಆಮೆಯನ್ನು ಗೀತೆ ಸ್ಥಿತಪ್ರಜ್ಞನಿಗೆ ಹೋಲಿಸುತ್ತದೆ. ಕಲ್ಲಿನ ಮೇಲೆ ಹಿಂಗಾಲು ಚಾಚಿ, ಬೆರಳು ಅಗಲಿಸಿ, ಕಣ್ಣು ಮುಚ್ಚಿ ಬಿಸಿಲು ಕಾಯುವಾಗ ಹೌದೆನ್ನಿಸುತ್ತದೆ. ಡಬ್ಬಿ ಅಲುಗಾಡಿದ ಸದ್ದಾಗಲಿ. ಐದೂ ಇಂದ್ರಿಯಗಳು ಹೊರಬಂದು ಗಾಜನ್ನು ಕೆರೆಯುತ್ತವೆ. ವ್ಯಾಖ್ಯಾನಕಾರರಲ್ಲಿ ಯಾರೂ ಆಮೆಗೆ ಊಟ ಹಾಕಿದಂತೆ ಕಾಣುವುದಿಲ್ಲ.

ಇಷ್ಟಾದ ಮೇಲೆ ಯಾರೋ ಒಬ್ಬರು ‘ಕೆರೆಗೆ ಬಿಟ್ಟುಬಿಡಿ, ಪುಣ್ಯ ಬರುತ್ತೆ’ ಎನ್ನುತ್ತಾರೆ. ಪುಣ್ಯ ಬಾರದು. ಜಗತ್ತಿನ ಅತಿ ಹಾನಿಕರ 100 ಆಕ್ರಮಣಕಾರಿ ಜೀವಿಗಳ ಐಯುಸಿಎನ್ ಪಟ್ಟಿಯಲ್ಲಿ ಇದರ ಹೆಸರಿದೆ. ನಮ್ಮ ಆಮೆಗಳ ಬಿಸಿಲು ಕಾಯುವ ಬಂಡೆಯನ್ನೂ ಊಟವನ್ನೂ ಕಿತ್ತುಕೊಳ್ಳುತ್ತದೆ. ಷೋಕೇಸಿಗೆ ಆದದ್ದು ಕೆರೆಗೂ ಆಗುತ್ತದೆ.

ಹಾಗಾಗಿ ಉಳಿಯುವುದು ದಾಯವಿಭಾಗ. ಚೆನ್ನಾಗಿ ನೋಡಿಕೊಂಡರೆ ಸ್ಲೈಡರ್ ಮೂವತ್ತು ವರ್ಷ ಬದುಕೀತು, ತಂದವರಿಗೆ ಅಷ್ಟು ಖಾತರಿಯಿಲ್ಲ. ಕಲ್ಯಾಣದ ವಿಜ್ಞಾನೇಶ್ವರನ ಮಿತಾಕ್ಷರದ ಪ್ರಕಾರ ಪಿತ್ರಾರ್ಜಿತದಲ್ಲಿ ಹಕ್ಕು ಹುಟ್ಟಿನಿಂದಲೇ ಬರುತ್ತದೆ. ತೊಟ್ಟಿಲಲ್ಲಿರುವ ಮೊಮ್ಮಗನೂ ಈ ತೊಟ್ಟಿಗೆ ಪಾಲುದಾರ. ಹಿರಿಯನಿಗೆ ಹೆಚ್ಚಿನ ಪಾಲು ಕೊಡುವುದು ಶಾಸ್ತ್ರದಲ್ಲಿದ್ದರೂ ಲೋಕ ಒಪ್ಪದ್ದರಿಂದ ಕೂಡದೆಂದು ವಿಜ್ಞಾನೇಶ್ವರ ವಾದಿಸುತ್ತಾನೆ. ಆಮೆಯಿರುವ ಮನೆಗಳಲ್ಲಿ ಕಿರಿಯರು ಒಕ್ಕೊರಲಿನಿಂದ ಆ ಜ್ಯೇಷ್ಠಾಂಶವನ್ನು ಮತ್ತೆ ಜಾರಿಗೆ ತಂದಿದ್ದಾರೆ.

‘ಸೈಟು ನೀನೇ ಇಟ್ಕೊಳ್ಳೋ’ ಎನ್ನುತ್ತಾನೆ ಅಣ್ಣ, ‘ಅದ್ರ ಜೊತೆಗೆ ಇದನ್ನೂ.’

‘ಛೆ ಛೆ, ಉಂಟೇನಣ್ಣ? ದೊಡ್ಡೋರು ನೀವಿರುವಾಗ! ಸೈಟೂ ನಿಮಗೇ, ಫಿಲ್ಟರ್ ಸಮೇತ ಇದೂ ನಿಮಗೇ.’